ನಮ್ಮತ್ತೆ, ತೊಟ್ಟಿಲು ಮತ್ತು ಗುಡಗೇರಿ ಬಸ್ಸು

ನಮ್ಮತ್ತೆಯವರ ಲೆಕ್ಕದಲ್ಲಿ ಈ ಭೂಮಿಯ ಮೇಲೆ ಇರುವುದು ಎರಡೇ ಊರು. ಒಂದು ಗುಡಗೇರಿ, ಇನ್ನೊಂದು, ಗುಡಗೇರಿ ಅಲ್ಲದ್ದು! ದಿಲ್ಲಿ, ಕಾಶಿ, ಅಮೆರಿಕ ಎಲ್ಲವೂ ಈ ಎರಡನೆಯ ಊರಿನ ಓಣಿಗಳು. ಅವರು ಮದುವೆಯಾಗಿ ಬಂದು, ಮಕ್ಕಳನ್ನು ಹೆತ್ತು, ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವ ನಮ್ಮ ಬಮ್ಮಿಗಟ್ಟಿಯೂ ಅದರದೇ ಒಂದು ಓಣಿ. ತಲೆ ಪೂರ್ತಿ ಬೆಳ್ಳಗಾದರೂ ಬಮ್ಮಿಗಟ್ಟಿಯನ್ನು ಇವತ್ತಿಗೂ ‘ನಿಮ್ಮೂರು’ ಎಂದೇ ಕರೆಯುತ್ತಾರೆ. ‘ನಿಮ್ಮೂರ ಮೆಣಸಿನಕಾಯಿಗೆ ಖಾರನ ಇಲ್ಲ.’ ‘ನಿಮ್ಮೂರ ಬೆಕ್ಕಿಗೆ ಇಲಿ ಹಿಡಿಯಾಕ ಬರೂದಿಲ್ಲ.’ ಒಮ್ಮೆ ಹುಣ್ಣಿಮೆಯ ದಿನ ಅಂಗಳದಲ್ಲಿ ಕೂತು ಮೇಲೆ ನೋಡಿ, ‘ಗುಡಗೇರ್ಯಾಗ ಚಂದ್ರ ಇನ್ನೂ ದೊಡ್ಡಾಂವ ಕಾಣಸ್ತಾನ’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ತವರು ಅಣ್ಣಿಗೇರಿ. ಹೆಣ್ಣು ನೋಡಲು ಬಂದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮೂರಾಗ ರೈಲ್ವೆ ಸ್ಟೇಶನ್ ಐತೇನು?’ ಐತ್ರಿ ಎಂದೆ. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು! ಗುಡಗೇರಿಗೆ ಸ್ಟೇಶನ್ ಇದೆಯಲ್ಲ, ಅದಕ್ಕೆ. ರೈಲಿನ ಸದ್ದು ಕೇಳದೆ ಬೆಳೆದವರ ಮೇಲೆ ಅವರಿಗೆ ನಂಬಿಕೆಯೇ ಇಲ್ಲ. ಬಮ್ಮಿಗಟ್ಟಿಯ ಆಸುಪಾಸಿನಲ್ಲಿ ಹಳಿ ಎಲ್ಲಿದೆ? ಆದರೂ ಸಂಜೆ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತ ಕೂತವರು ತಟ್ಟನೆ ಕೈ ನಿಲ್ಲಿಸಿ, ‘ಕೇಳಸ್ತೇನು? ಬಂತ ನೋಡು ಗುಡಗೇರಿ ಗಾಡಿ’ ಅನ್ನುತ್ತಾರೆ. ಕಿವಿಗೊಟ್ಟರೆ ಕಬ್ಬಿನ ಟ್ರ್ಯಾಕ್ಟರು. ಹಾಗೆಂದು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇಲ್ಲ.

ಇಷ್ಟು ಹಂಬಲವಿದ್ದವರು ಹೋಗಿ ಬರಬಾರದೇ ಎಂದು ನೀವು ಕೇಳುತ್ತೀರಿ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಗುಡಗೇರಿ. ಆದರೆ ನಮ್ಮತ್ತೆಯವರದೊಂದು ಕಾನೂನಿದೆ: ಕರೆಯದೆ ತವರಿಗೆ ಹೋಗಬಾರದು. ಕರೆಯುವುದೆಂದರೆ ಸುಮ್ಮನೆ ಬಾಯಿಮಾತಲ್ಲ. ತವರಿನವರು ಬಾಗಿಲಿಗೆ ಬರಬೇಕು, ಕೈಕಾಲು ತೊಳೆದು ಉಣ್ಣಬೇಕು, ‘ನಡೀವಾ, ಹೋಗೂಣು’ ಎನ್ನಬೇಕು, ಚೀಲ ಹಿಡಿದು ಮುಂದೆ ನಡೆಯಬೇಕು. ಅವರ ಅಣ್ಣ ಪ್ರತಿ ಪಂಚಮಿಗೆ ಹೀಗೆಯೇ ಬರುತ್ತಿದ್ದರು. ನಾನೇ ಕಂಡಿದ್ದೇನೆ. ಬಿಳಿ ಧೋತರ, ಕಂಕುಳಲ್ಲಿ ಕೊಡೆ, ಚಹಾಕ್ಕೆ ಹಿಡಿ ತುಂಬ ಸಕ್ಕರೆ. ಅವರು ಕಟ್ಟೆಯ ಮೇಲೆ ಕೂತು ‘ತಯಾರಾದೇನವಾ ತಂಗಿ?’ ಎಂದರೆ ಸಾಕು, ಒಳಗೆ ನಮ್ಮತ್ತೆ ಲಂಗ ಹಾಕಿದ ಹುಡುಗಿಯಾಗಿಬಿಡುತ್ತಿದ್ದರು. ಸೆರಗು ಎಲ್ಲೋ, ಚೀಲ ಎಲ್ಲೋ, ಒಲೆಯ ಮೇಲಿನ ಹಾಲು ಎಲ್ಲೋ!

ಆ ಅಣ್ಣ ಕೊರೊನಾ ಕಾಲದಲ್ಲಿ ತೀರಿಕೊಂಡರು. ಬಸ್ಸು, ರೈಲು ಎಲ್ಲ ಬಂದ್ ಆಗಿದ್ದ ದಿನಗಳು. ಸುದ್ದಿ ಫೋನಿನಲ್ಲಿ ಬಂತು. ಮಣ್ಣಿಗೂ ಹೋಗಲಾಗಲಿಲ್ಲ, ಮುಖವನ್ನೂ ನೋಡಲಾಗಲಿಲ್ಲ. ನಮ್ಮತ್ತೆ ಫೋನು ಕೆಳಗಿಟ್ಟು, ಒಂದು ಹನಿ ಕಣ್ಣೀರೂ ಹಾಕದೆ, ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದರು.

ಅದಾದ ಮೇಲೆ ಅವರನ್ನು ಕರೆಯುವ ಕೆಲಸ ಆ ಅಣ್ಣನ ಮಗನ ಪಾಲಿಗೆ ಬಂತು. ಪಾಪದ ಹುಡುಗ. ಮೊದಲ ಪಂಚಮಿಗೆ ಫೋನು ಮಾಡಿದ. ‘ಫೋನಿನ್ಯಾಗ ಕರದ್ರ ಅದು ಕರದಂಗಲ್ಲ’ ಎಂದು ಇಟ್ಟರು. ಮುಂದಿನ ಸಲ ಬಾಡಿಗೆ ಕಾರು ಮಾಡಿಕೊಂಡು ಬಾಗಿಲಿಗೇ ಬಂದ. ‘ಅಮಾಸಿ ದಿನ ಕರ್ಯಾಕ ಬರ್ತಾರೇನು? ಬುದ್ಧಿ ಐತೋ ಇಲ್ಲೋ?’ ಎಂದು ಹೋಳಿಗೆ ಉಣಿಸಿ ವಾಪಸು ಕಳಿಸಿದರು. ಅದರ ಮುಂದಿನ ಸಲ ಪಂಚಾಂಗ ನೋಡಿಯೇ ಬಂದ, ಅಂದು ಮಂಗಳವಾರವಾಗಿತ್ತು! ಮತ್ತೊಮ್ಮೆ ವಾರ, ತಿಥಿ, ಗಳಿಗೆ ಎಲ್ಲವೂ ಕೂಡಿಬಂದವು. ಎಮ್ಮೆ ಇನ್ನೇನು ಈಯುತ್ತದೆ ಎಂದರು. ಎಮ್ಮೆ ಈದದ್ದು ಎಷ್ಟೋ ತಿಂಗಳ ಮೇಲೆ. ‘ನಮ್ಮವ್ವನ್ನ ಕರ್ಯಾಕ ಸಾಕ್ಷಾತ್ ಈಶ್ವರ ಬಂದ್ರೂ, ನಂದಿ ಎಡಗಾಲ ಮುಂದಿಟ್ಟು ಬಂತು ಅಂತಾಳ’ ಎಂದು ನನ್ನ ಗಂಡ ನಗುತ್ತಾರೆ. ನಾವೆಲ್ಲ ಇದನ್ನು ಸೊಕ್ಕು ಎಂದುಕೊಂಡಿದ್ದೆವು. ವಯಸ್ಸಾದ ಹೆಣ್ಣುಮಗಳ ಸೊಕ್ಕು, ಇರಲಿ ಬಿಡು ಎಂದು.

ಹೀಗಿರುವಾಗ ಆ ಹುಡುಗನಿಗೆ ಹೆಣ್ಣುಮಗು ಹುಟ್ಟಿತು. ಅವನ ಹೆಂಡತಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ಗುಡಗೇರಿಯಲ್ಲೇ. ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆಯುವುದು ಸೋದರತ್ತೆಯ ಹಕ್ಕಲ್ಲವೇ? ಆ ಹುಡುಗನಿಗೆ ಅಕ್ಕತಂಗಿಯರಿಲ್ಲ. ಹಕ್ಕು ನೇರವಾಗಿ ನಮ್ಮತ್ತೆಯವರಿಗೇ ಬಂತು.

ತೊಟ್ಟಿಲನ್ನಂತೂ ಅವರು ಬಸಿರಿನ ಸುದ್ದಿ ಕೇಳಿದ ವಾರವೇ ಹೇಳಿಟ್ಟಿದ್ದರು. ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲಿಗೆ ದೂರದೂರಿನವರೂ ಬಂದು ಹೇಳಿಟ್ಟು ಹೋಗುತ್ತಾರೆ. ಆದರೆ ಕೂಸು ಹುಟ್ಟುವ ಮೊದಲು ತೊಟ್ಟಿಲು ಮಾಡಿಸಬಾರದು ಎಂಬುದೂ ಅವರದೇ ಕಾನೂನು. ಹಾಗಾದರೆ ಹೇಗೆ? ಚಿತ್ರಗಾರನ ಬಳಿ ಹೋಗಿ, ‘ಇದು ತೊಟ್ಟಲಾ ಅಲ್ಲಪಾ, ಮುಚ್ಚಳಿಲ್ಲದ ಪೆಟಗಿ. ಗೊಂಬಿ ಅಗದಿ ಛಂದ ಬರಿ’ ಎಂದರು. ಆತ ಗಂಭೀರವಾಗಿ, ‘ಪೆಟಗಿಗೆ ಸರಪಳಿ ಹಾಕೂ ಬಳಿ ಬೇಕೇನ್ರಿ ಯವ್ವಾ?’ ಎಂದು ಕೇಳಿದನಂತೆ. ‘ಇರ್ಲಿ, ಹಾಕು’ ಎಂದರಂತೆ.

ಹೆಸರಿಡುವ ಹಿಂದಿನ ದಿನ ಬೆಳಿಗ್ಗೆ ನಾನು ಮೆಲ್ಲಗೆ ಕೇಳಿದೆ.

‘ಅತ್ತಿ, ಗುಡಗೇರಿಗೆ ಹೋಗ್ತೀರಿಲ್ಲೋ?’

‘ತೊಟ್ಟಲಾ ಹೋಗತೈತಿ.’

‘ಮತ್ತ ಹೆಸರ ಯಾರ ಕರೀಬೇಕ್ರಿ?’

‘ನಾನ ಕರೀತೀನಿ. ಫೋನಿನ್ಯಾಗ!’

‘ಫೋನಿನ್ಯಾಗ ಕರದ್ರ ಅದು ಕರದಂಗಲ್ಲಂತ ನೀವ ಅಂದಿದ್ರಲ್ರಿ?’

‘ಅದು ದೊಡ್ಡಾವರನ್ನ ಕರಿಯೂದು. ಇದು ಕೂಸಿನ್ನ ಕರಿಯೂದು. ಎರಡೂ ಬ್ಯಾರೆ. ಸುಮ್ನ ರೊಟ್ಟಿ ಕಟ್ಟು.’

ಅವರ ಯೋಜನೆ ಹೀಗಿತ್ತು: ಕಲಘಟಗಿಯಲ್ಲಿ ತೊಟ್ಟಿಲು ಎತ್ತಿಕೊಂಡು ಹುಬ್ಬಳ್ಳಿಗೆ ಹೋಗುವುದು, ಅಲ್ಲಿ ಕೂಸಿಗೆ ಬಟ್ಟೆ ಕೊಳ್ಳುವುದು, ಸಂಜೆ ಗುಡಗೇರಿ ಬಸ್ಸಿನಲ್ಲಿ ಯಾರಾದರೊಬ್ಬ ಗುಡಗೇರಿಯವರ ಕೈಗೆ ಎಲ್ಲವನ್ನೂ ಒಪ್ಪಿಸಿ ತಿರುಗಿ ಬರುವುದು. ಗುರುತು ಪರಿಚಯ ಬೇಕಿಲ್ಲ, ಗುಡಗೇರಿಯವರಾದರೆ ಮುಗಿಯಿತು. ಟೆಂಪೋ ಮಾಡಿ ಕಳಿಸುತ್ತೇನೆ ಎಂದ ಮಗನಿಗೆ, ‘ಟೆಂಪೋದಾಂವ ಗುಡಗೇರ್ಯಾಂವೇನು?’ ಎಂದು ಕೇಳಿ ಬಾಯಿ ಮುಚ್ಚಿಸಿದರು. ಜೊತೆಗೆ ಹೋಗುವ ಭಾಗ್ಯ ನನ್ನದಾಯಿತು. ಶಾಲೆ ಶುರುವಾಗುವುದರಲ್ಲಿತ್ತು, ಆರು ವರ್ಷದ ಮಗಳಿಗೆ ಬೂಟು ಬೇಕಿತ್ತು. ಅವಳನ್ನು ಒಯ್ದರೆ ಮೂರು ವರ್ಷದ ತಮ್ಮ ಸುಮ್ಮನಿದ್ದಾನೆಯೇ? ಅವನೂ ಹೊರಟ.

ಮನೆ ಬಿಡುವಾಗ ಗುಡಗೇರಿಯಿಂದ ಆ ಹುಡುಗನ ಫೋನು ನನಗೆ ಬಂತು. ‘ಅಕ್ಕಾರ, ಹೆಂಗರ ಮಾಡಿ ಅತ್ತೀನ್ನ ಬಸ್ ಹತ್ತಸ್ರಿ. ನಮ್ಮವ್ವ ಬಾಗಲದಾಗ ಕುಂತಬಿಟ್ಟಾಳ. ಅತ್ತಿ ಬರ್ಲಿಲ್ಲಂದ್ರ ಹೆಸರ ಇಡೂದ ಬ್ಯಾಡ ಅಂತಾಳ.’ ನೋಡೋಣ ಎಂದೆ. ಹತ್ತಿಸುವುದೆಂದರೆ ಹೇಗೆ? ನಮ್ಮತ್ತೆಯೇನು ಗೋಣಿಚೀಲವೇ?

ಬರಿದಾದ ತೊಟ್ಟಿಲನ್ನು ತೂಗಬಾರದು ಎಂಬುದು ಎಲ್ಲರಿಗೂ ಗೊತ್ತು. ಬರಿದಾದ ತೊಟ್ಟಿಲನ್ನು ಒಯ್ಯಲೂಬಾರದು ಎಂಬುದು ನಮ್ಮತ್ತೆಯವರ ತಿದ್ದುಪಡಿ! ಹೆಸರಿಡುವಾಗ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುತ್ತಾರಲ್ಲ, ಹಾಗೆ ನಮ್ಮ ಒಳಕಲ್ಲಿನ ಗುಂಡು ಹೊರಟಿತು. ಮಿಕ್ಸರ್ ಬಂದಾಗಿನಿಂದ ಕೆಲಸವಿಲ್ಲದೆ ಮೂಲೆಯಲ್ಲಿ ಬಿದ್ದಿದ್ದ ಅದನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಕೌದಿಯ ತುಂಡಿನಲ್ಲಿ ಸುತ್ತಿ, ನನ್ನ ಮಗನ ಹಳೆಯ ಕುಲಾವಿ ತೊಡಿಸಿ, ಕಲಘಟಗಿಗೆ ಒಯ್ದು ಹೊಸ ತೊಟ್ಟಿಲಲ್ಲಿ ಮಲಗಿಸಿ, ಮುಖದ ಮೇಲೆ ಸೆರಗಿನಷ್ಟು ಬಟ್ಟೆ ಹೊದಿಸಿದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ನನ್ನ ಸೆರಗು ಹಿಡಿದು ಮಗಳು, ಕಾಲು ಹಿಡಿದು ಮಗ. ಹೆಗಲಲ್ಲಿ ರೊಟ್ಟಿಯ ಬುತ್ತಿ, ಎಣ್ಣೆಯ ಕ್ಯಾನಿನಲ್ಲಿ ಮನೆಯ ನೀರು. ಹುಬ್ಬಳ್ಳಿಯ ನೀರು ಕುಡಿದರೆ ಮಕ್ಕಳ ಬಣ್ಣ ಕಪ್ಪಾಗುತ್ತದಂತೆ!

ಕಲಘಟಗಿಯಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರು ತೊಟ್ಟಿಲು ನೋಡಿ ಹೌಹಾರಿದ.

‘ಯವ್ವಾ, ಇದಕ್ಕ ಲಗೇಜ್ ಟಿಕೀಟ್ ಆಕ್ಕತ್ರಿ.’

‘ಹೆಣ್ಣಮಕ್ಕಳಿಗೆ ಫ್ರೀ ಅಲ್ಲೇನಪಾ?’

‘ಹೆಣ್ಣಮಕ್ಕಳಿಗೆ ಫ್ರೀರಿ. ತೊಟ್ಟಲಕ್ಕಲ್ಲ.’

‘ಇದು ಹೆಣ್ಣಮಗಳ ತೊಟ್ಟಲಾ!’

ಆತ ಒಂದು ಗಳಿಗೆ ಯೋಚಿಸಿ, ‘ಹಂಗಾರ ಇದರ ಆಧಾರ ಕಾರ್ಡ ತಗೀರಿ’ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಮ್ಮತ್ತೆ ನಗದೆ ಬುತ್ತಿ ಬಿಚ್ಚಿ, ಆತನಿಗೆ ಒಂದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟು, ‘ಯಾವೂರಪಾ ನಿಂದು?’ ಎಂದು ಕೇಳಿದರು. ನವಲಗುಂದ ಎಂದ. ‘ಹೋಗ್ಲಿ ಬಿಡು’ ಎಂದು ಸಮಾಧಾನ ಹೇಳಿದರು. ಲಗೇಜಿನ ಮಾತು ಅಲ್ಲಿಗೇ ನಿಂತಿತು.

ಹುಬ್ಬಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಪೇಟೆ ತಿರುಗಿದವರಿಗೆ ನಾನೇನೂ ಹೇಳಬೇಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪಾಯಖಾನೆ ಎದುರಿಗೇ ಇದ್ದಾಗ ‘ಬಂದಿಲ್ಲ’ ಎಂದ ಮಗನಿಗೆ ಬಟ್ಟೆಪೇಟೆಯ ನಟ್ಟನಡುವೆ ಬಂತು! ಒಂದು ಗೇಣಿನಷ್ಟು ಮರೆ ಹುಡುಕುವಷ್ಟರಲ್ಲಿ ಮಗಳಿಗೆ ಹಸಿವು. ರೊಟ್ಟಿ ಬಿಚ್ಚಿದರೆ ಹಸಿವಿಲ್ಲ, ಐಸ್‌ಕ್ರೀಮಿನ ಹಸಿವಂತೆ ಅದು. ಅವಳಿಗೆ ಕೊಡಿಸಿದರೆ ಅವನಿಗೆ ಅದೇ ಬಣ್ಣದ್ದೇ ಬೇಕು, ಕೊಡಿಸಿದರೆ ಅವಳ ಕೈಯಲ್ಲಿದ್ದದ್ದೇ ಬೇಕು. ಇಷ್ಟೆಲ್ಲ ನಡೆಯುವಾಗ ನನ್ನ ಒಂದು ಕೈಗೆ ತೊಟ್ಟಿಲು, ತೊಟ್ಟಿಲಲ್ಲಿ ಗುಂಡು. ಎದುರಿಗೆ ಬಂದ ಹೆಂಗಸರೆಲ್ಲ ದಾರಿ ಬಿಟ್ಟು, ‘ಪಾಪ, ಬಿಸಲಾಗ ಹಸಗೂಸಿನ್ನ ತಂದಾರ’ ಎಂದು ನನ್ನನ್ನೇ ದುರುಗುಟ್ಟಿಕೊಂಡು ಹೋದರು.

ದೊಡ್ಡ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಕಾವಲಿನವನು ತಡೆದ. ಕೆಟ್ಟವನಲ್ಲ, ಮಕ್ಕಳೊಂದಿಗನಿರಬೇಕು. ‘ಮುಖಾ ಮುಚ್ಚಬ್ಯಾಡ್ರಿ ಅಕ್ಕಾರ, ಕೂಸಿಗೆ ಗಾಳಿ ಬೇಕ್ರಿ’ ಎಂದು ತಾನೇ ಬಗ್ಗಿ ಬಟ್ಟೆ ಸರಿಸಿದ. ಕುಲಾವಿಯೊಳಗಿಂದ ಕರಿ ಗುಂಡುಕಲ್ಲು ಅವನನ್ನು ನೋಡಿತು. ಆತ ನನ್ನನ್ನು ನೋಡಿದ. ನಾನು ಅತ್ತೆಯನ್ನು ನೋಡಿದೆ. ಅತ್ತೆ ಬಟ್ಟೆಯನ್ನು ಮತ್ತೆ ಹೊದಿಸುತ್ತ, ‘ಎಬ್ಬಿಸಬ್ಯಾಡಪಾ’ ಎಂದರು!

ಅಂಗಡಿಯಲ್ಲಿ ನಡೆದದ್ದನ್ನು ಹೇಳಿದರೆ ದಿನ ಸಾಲದು. ಕೂಸಿಗೆ ಒಂದು ಅಂಗಿ ಆರಿಸಲು ಅವರು ಗೋಡೆಯ ಅರ್ಧ ಭಾಗವನ್ನು ಕೆಳಗಿಳಿಸಿದರು. ಪ್ರತಿ ಅಂಗಿಯನ್ನೂ ಕೆನ್ನೆಗೆ ತಾಗಿಸಿ ಕಣ್ಣು ಮುಚ್ಚಿ ನೋಡುವರು, ಚುಚ್ಚುತ್ತದೋ ಇಲ್ಲವೋ ಎಂದು. ಆರಿಸಿದ ಮೇಲೆ ಆ ಸಣ್ಣ ಅಂಗಿಯನ್ನು ಅಂಗೈ ಮೇಲೆ ಹರವಿಕೊಂಡು ಬಹಳ ಹೊತ್ತು ನಿಂತರು. ‘ಕೂಸು ಯಾರಂಗ ಐತೋ ಏನೋ’ ಎಂದರು. ‘ಹೋಗಿ ನೋಡ್ರಲ್ಲ ಅತ್ತಿ’ ಎಂದೆ. ಅಂಗಿ ಮಡಚಿ ಚೀಲಕ್ಕೆ ಹಾಕಿ, ‘ಫೋಟೋ ಕಳಸ್ತಾರ’ ಎಂದರು.

ಬೂಟಿನಂಗಡಿಯಲ್ಲಿ ನನ್ನ ತೋಳು ಸೋತವು. ಮಗಳಿಗೆ ಬೂಟು ಹಾಕಿಸಿ, ರಸ್ತೆಯ ತನಕ ಓಡಿಸಿ, ‘ಬೆಳಿಯೂ ಕಾಲು, ಇನ್ನೆರಡು ಸೈಜ್ ದೊಡ್ಡದು ಕೊಡಪಾ’ ಎಂದು ಅತ್ತೆ ಅಂಗಡಿಯವನ ಜೀವ ಹಿಂಡುತ್ತಿದ್ದಾಗ, ಮಗ ನಿದ್ದೆಗಣ್ಣಲ್ಲಿ ತೊಟ್ಟಿಲಿಗೆ ಹತ್ತಿದ. ಬರಿದಾಗಬಾರದು, ಅಷ್ಟೇ ತಾನೆ? ಗುಂಡನ್ನು ತೆಗೆದು ಅಂಗಡಿಯ ಸ್ಟೂಲಿನ ಕೆಳಗಿಟ್ಟೆ, ಮಗನನ್ನು ಮಲಗಿಸಿದೆ. ಹೊರಡುವಾಗ ಗುಂಡು ಅಲ್ಲೇ ಉಳಿಯಿತು. ಮರೆತೆನೋ, ಬಿಟ್ಟೆನೋ? ಅದನ್ನು ಮಾತ್ರ ಕೇಳಬೇಡಿ.

ಹೊರಗೆ ಬಂದು ಎರಡು ಅಂಗಡಿ ದಾಟಿರಲಿಲ್ಲ, ಮಗಳು ಇಲ್ಲ! ನಾನು ಅತ್ತೆಯ ಕಡೆ ಇದ್ದಾಳೆ ಎಂದುಕೊಂಡಿದ್ದೆ, ಅವರು ನನ್ನ ಕಡೆ ಎಂದು. ಆ ಗದ್ದಲದಲ್ಲಿ ಎಲ್ಲಿ ನೋಡಲಿ? ಎದುರಿಗೆ ಬಂದವರನ್ನೆಲ್ಲ ತಡೆದು ‘ಸಣ್ಣ ಹುಡಿಗೀನ್ನ ನೋಡೀರೇನ್ರಿ?’ ಎಂದು ಕೇಳತೊಡಗಿದೆ. ಅತ್ತೆ ತೊಟ್ಟಿಲನ್ನು ರಸ್ತೆಯ ನಡುವೆ ಇಳಿಸಿ, ಸೊಂಟಕ್ಕೆ ಸೆರಗು ಬಿಗಿದು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಕೂಗಿದರು: ‘ಗುಡಗೇರಿಯವರು ಯಾರರ ಅದೀರೇನ್ರೋ?’

ನನಗೆ ಸಿಟ್ಟು ನೆತ್ತಿಗೇರಿತು. ಮಗಳು ಕಾಣೆಯಾಗಿದ್ದಾಳೆ, ಇವರಿಗೆ ಈಗಲೂ ಗುಡಗೇರಿಯೇ?

‘ನಾ ಅದೇನಿ ಬೇ!’ ಎಂದು ಕಬ್ಬಿನ ಹಾಲಿನ ಗಾಡಿಯ ಕಡೆಯಿಂದ ಉತ್ತರ ಬಂತು. ಬಿಳಿ ಟೋಪಿ, ಬಿಳಿ ಗಡ್ಡದ ಒಬ್ಬ ಹಿರಿಯರು ಬಂದರು. ಅವರ ಕೈ ಹಿಡಿದುಕೊಂಡು ನನ್ನ ಮಗಳು! ‘ಗಾಣ ತಿರಗೂದ ನೋಡ್ಕೋಂತ ಒಬ್ಬಾಕಿನ ನಿಂತಿದ್ಲು. ಯಾರಾಕಿ ಅಂತ ಕೇಳಾಕತ್ತಿದ್ನಿ. ನಿಮ್ಮಾಕೇನ್ರಿ?’ ನಾನು ಮಗಳನ್ನು ಅವುಚಿಕೊಂಡು ಅಲ್ಲೇ ಕೂತೆ. ಅತ್ತೆ ನನ್ನನ್ನು ನೋಡಿ, ‘ನೋಡಿದೇನು? ಗುಡಗೇರಿಯವರು!’ ಎಂದರು.

ಆ ಹಿರಿಯರು ಸಂಜೆಯ ಬಸ್ಸಿಗೇ ಗುಡಗೇರಿಗೆ ಹೊರಟವರು. ನಮ್ಮತ್ತೆ ಯಾರ ಮನೆಯ ಮಗಳೆಂದು ತಿಳಿದಾಗ ಅವರ ಮುಖ ಅರಳಿತು. ‘ಅರೆ! ನೀ ಅವನ ತಂಗ್ಯೇನು? ಗುಡಗೇರಿ ಸಂತ್ಯಾಗ ನಮ್ಮದು ಬಾಜೂ ಬಾಜೂ ಅಂಗಡಿ ಬೇ. ಅಂವ ಕಾಳು, ನಾ ಬೆಲ್ಲ. ಒಂದ ಕಪ್ ಚಾ ಇಬ್ಬರೂ ಕುಡದೀವಿ. ಈಗ ಆ ಜಾಗಾ ನೋಡಿದ್ರ...’

‘ಚಾಚಾ,’ ಎಂದು ಅತ್ತೆ ಅವರ ಮಾತು ತಡೆದರು. ‘ನಮ್ಮಣ್ಣ ಚಾಕ್ಕ ಸಕ್ಕರಿ ಇನ್ನೂ ಅಷ್ಟ ಹಾಕ್ಕೋತಾನೇನು?’

ಚಾಚಾ ನನ್ನ ಮುಖ ನೋಡಿದರು. ಅತ್ತೆ ಉತ್ತರಕ್ಕೆ ಕಾಯಲೂ ಇಲ್ಲ; ಮೊಮ್ಮಗ ಮಲಗಿದ್ದ ತೊಟ್ಟಿಲಿನ ಒಂದು ತುದಿ ಎತ್ತಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಇನ್ನೊಂದು ತುದಿಯನ್ನು ಚಾಚಾ ಹಿಡಿದರು. ಹಿಂದೆ ನಡೆಯುತ್ತಿದ್ದ ನನಗೆ ಅಲ್ಲಿಯತನಕ ಇದ್ದ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಗುಡಗೇರಿಯ ಬಸ್ಸು ನಿಂತಿತ್ತು. ಚಾಚಾ ಮತ್ತು ಕಂಡಕ್ಟರು ಸೇರಿ ತೊಟ್ಟಿಲನ್ನು ಮಗನ ಸಮೇತ ಹಿಂದಿನ ಸೀಟಿನ ಬಳಿ ಇಟ್ಟರು. ಅತ್ತೆ ಕೆಳಗೇ ನಿಂತು ಹೇಳಿದರು: ‘ಹುಡುಗನ್ನ ಎತ್ಕೊಂಡು ಗುಂಡ ಇಡು.’

‘ಗುಂಡ ಬೂಟಿನಂಗಡ್ಯಾಗ ಉಳೀತ್ರಿ ಅತ್ತಿ.’

ಅವರು ಬೇರೆ ಕಲ್ಲು ಹುಡುಕಲು ಆ ಕಡೆ ಈ ಕಡೆ ನೋಡಿದರು. ಕಣ್ಣು ಹಾಯಿಸಿದಲ್ಲೆಲ್ಲ ಸಿಮೆಂಟು! ನೀರಿನ ಕ್ಯಾನಿಗೆ ಕೈ ಹಾಕಿದರು, ಮಕ್ಕಳು ಖಾಲಿ ಮಾಡಿದ್ದವು.

‘ಬರೇ ತೊಟ್ಟಲಾ ಕಳಸಬಾರದಲ್ರಿ?’ ಎಂದೆ, ಗೆದ್ದೆನೆಂದುಕೊಂಡು.

‘ಹುಡುಗ ಇರ್ಲಿ ಅದರಾಗ. ನೀ ಹೋಗಿ ಬಾ ಅವನ ಕೂಡ. ಹುಡಿಗೀನ್ನೂ ಕರಕೊಂಡ ಹೋಗು.’

‘ನೀವು?’

‘ನಾ ಬಮ್ಮಿಗಟ್ಟಿಗೆ ಹೋಗ್ತೀನಿ. ಎಮ್ಮಿ ಹಿಂಡಬೇಕು.’

ನೋಡಿದಿರಾ? ತೊಟ್ಟಿಲು ಹೋಗಬಹುದು, ಸೊಸೆ ಹೋಗಬಹುದು, ಮೊಮ್ಮಕ್ಕಳು ಹೋಗಬಹುದು. ತಾವೊಬ್ಬರನ್ನು ಬಿಟ್ಟು ಇಡೀ ಬಮ್ಮಿಗಟ್ಟಿಯನ್ನೇ ಗುಡಗೇರಿಗೆ ಕಳಿಸಲು ಅವರು ತಯಾರು! ನನಗೆ ರೇಗಿತು. ಬೆಳಗಿನಿಂದ ನಿಂತ ಕಾಲು, ಹೊತ್ತ ತೋಳು, ಅರಚಿದ ಗಂಟಲು. ‘ಕರ್ಯಾಕ ಬಂದ್ರೂ ಹೋಗೂದಿಲ್ಲ, ಕಳಸಾಕ ಬಂದ್ರೂ ಹೋಗೂದಿಲ್ಲ. ಹಂಗಾರ ದಿನಾ ಗುಡಗೇರಿ ಗುಡಗೇರಿ ಅಂತ ಯಾಕ ಜೀವಾ ತಿಂತೀರಿ?’ ಎಂದುಬಿಟ್ಟೆ. ಅವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು.

ಅತ್ತೆ ಬೈಯಲಿಲ್ಲ. ಕಟ್ಟೆಯ ಮೇಲೆ ಕೂತರು. ಚಾಚಾ ಕೆಳಗಿಳಿದು ಬಂದು, ‘ತಂಗೀ, ನಾ ಕರೀತೀನಿ, ಬಾ. ನಾನೂ ಗುಡಗೇರ್ಯಾಂವನ’ ಎಂದರು. ಅತ್ತೆ ಇಲ್ಲವೆಂದು ತಲೆ ಅಲ್ಲಾಡಿಸಿದರು. ಬಸ್ಸಿನ ಕಡೆಗೇ ನೋಡುತ್ತ ಹೇಳಿದರು: ‘ಅಂವ ಇಲ್ಲಾಂತ ಎಲ್ಲಾರೂ ಹೇಳ್ತಾರ ಚಾಚಾ. ನಾ ನೋಡಿಲ್ಲ. ನಾ ನೋಡಿಲ್ಲಾಂದ್ರ ಅಂವ ಅದಾನ. ಸಂತಿ ಮಾಡ್ತಾನ, ಚಾ ಕುಡೀತಾನ, ಮುಂದಿನ ಪಂಚಮಿಗೆ ಬರ್ತಾನ. ಒಮ್ಮೆ ಆ ಮನಿ ಹೊಸ್ತಲಾ ದಾಟಿದ್ನಿ ಅಂದ್ರ ಮುಗೀತು. ಆಮ್ಯಾಲೆ ನಾ ಯಾರ ದಾರಿ ನೋಡ್ಲಿ?’

ಅಮಾವಾಸ್ಯೆ, ಮಂಗಳವಾರ, ಎಮ್ಮೆ. ನಾವೆಲ್ಲ ಕೂತು ನಕ್ಕಿದ್ದೆವಲ್ಲ! ಅವರ ಪಕ್ಕದಲ್ಲಿ ಕೂತೆ. ನನ್ನ ಅವ್ವ ತೀರಿಕೊಂಡ ಮೇಲೆ ಮೊದಲ ಸಲ ಅಣ್ಣಿಗೇರಿಗೆ ಹೋದದ್ದು ನೆನಪಾಯಿತು. ಅದನ್ನು ನಾನು ಗಂಡನಿಗೂ ಹೇಳಿರಲಿಲ್ಲ.

‘ಅತ್ತಿ,’ ಎಂದೆ, ‘ನಮ್ಮವ್ವ ಹೋದ ಮ್ಯಾಲೆ ನಾನೂ ಬಾಗಲದಾಗ ನಿಂತಿದ್ನಿರಿ. ಅಡಗಿಮನಿ ಕಡೆ ನೋಡಾಕ ಧೈರ್ಯ ಆಗ್ಲಿಲ್ಲ. ಯಾರರ ಒಬ್ಬರು ಕೈ ಹಿಡದ್ರ ಸಾಕು ಅನಿಸಿತ್ತು. ಯಾರೂ ಇರ್ಲಿಲ್ಲ. ನಿಮಗ ನಾ ಅದೇನಿ. ನಾ ಹಿಡಕೊಂತೀನಿ, ನಡೀರಿ.’

ಅವರು ಏಳಲಿಲ್ಲ. ಕಂಡಕ್ಟರು ಸೀಟಿ ಊದಿದ. ಆ ಸದ್ದಿಗೆ ಬಸ್ಸಿನೊಳಗೆ ಮಗ ಎಚ್ಚರಾಗಿ, ಎಲ್ಲಿದ್ದೇನೆಂದು ತಿಳಿಯದೆ, ಕಿಟಾರನೆ ಕಿರುಚಿದ. ‘ಅವ್ವಾ’ ಎನ್ನಲಿಲ್ಲ ಆ ಪುಣ್ಯಾತ್ಮ, ‘ಆಯೀ!’ ಎಂದ. ಆಯಿ ಎಂದರೆ ಅಜ್ಜಿ. ಮೊಮ್ಮಗನ ಅಳು ಕೇಳಿ ಕೂತಿರುವುದು ನಮ್ಮತ್ತೆಯ ಜನ್ಮದಲ್ಲೇ ಇಲ್ಲ. ‘ಬಂದ್ನಿ, ಬಂದ್ನೆಪಾ’ ಎನ್ನುತ್ತ ಎದ್ದರು, ಬಸ್ಸು ಹತ್ತಿದರು, ಅವನನ್ನು ಎತ್ತಿ ಎದೆಗೆ ಒತ್ತಿಕೊಂಡು ಸೀಟಿನಲ್ಲಿ ಕೂತರು. ನಾನು ಮಗಳನ್ನು ಎಳೆದುಕೊಂಡು ಹಿಂದೆಯೇ ಹತ್ತಿದೆ. ಬಸ್ಸು ಹೊರಟಿತು. ಇಳಿಯುತ್ತೇನೆ ಎನ್ನುತ್ತಾರೆಂದು ನಾನು ಕಾಲು ಅಡ್ಡ ಚಾಚಿ ಕೂತೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೂತೇ ಇದ್ದರು. ಕುಂದಗೋಳ ದಾಟಿದ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

ಗುಡಗೇರಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಚಾಚಾ ಬರಿದಾದ ತೊಟ್ಟಿಲನ್ನೇ ಹೊತ್ತು ಮುಂದೆ ನಡೆದರು, ಅತ್ತೆ ಅದನ್ನು ಗಮನಿಸಲೂ ಇಲ್ಲ. ಓಣಿಯ ತಿರುವಿನಲ್ಲಿ ಅತ್ತೆಯ ಕಾಲು ತಾವಾಗಿಯೇ ಬೇಗ ಬೇಗ ಬಿದ್ದವು. ಮನೆಯ ಮುಂದೆ ಹಂದರ ಹಾಕಿದ್ದರು, ಬಾಗಿಲು ಪೂರ್ತಿ ತೆರೆದಿತ್ತು. ನನ್ನ ಕೈ ಬಿಡಿಸಿಕೊಂಡು ಅವರು ಹೊಸ್ತಿಲ ಮುಂದೆ ನಿಂತರು. ಹುಡುಗಿಯಾಗಿದ್ದಾಗ ಆ ಬಾಗಿಲಲ್ಲಿ ಹೇಗೆ ಕೂಗುತ್ತಿದ್ದರೋ ಹಾಗೆಯೇ ಕೂಗಿದರು.

‘ಅಣ್ಣಾ, ಬಂದೇನೋ!’

ಅಣ್ಣನ ಮಗ ಪಡಸಾಲೆಯಲ್ಲಿ ನಿಂತಲ್ಲೇ ನಿಂತ. ನನ್ನ ಮಗಳು ನನ್ನ ಸೆರಗು ಹಿಡಿದಳು. ನಮ್ಮತ್ತೆ ಇನ್ನೂ ಒಳಗೆ ನೋಡುತ್ತಿದ್ದರು, ಉತ್ತರ ಬರುವವರೆಗೆ ಅಲ್ಲಾಡುವುದಿಲ್ಲ ಎಂಬಂತೆ.

ಬಾಗಿಲ ಮರೆಯಿಂದ ಅವರ ಅತ್ತಿಗೆ ಎದ್ದು ಬಂದರು. ಬೆಳಗಿನಿಂದ ಅಲ್ಲಿ ಕೂತು ಕೂತು ಅವರಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ನಮ್ಮತ್ತೆಯ ಎರಡೂ ಕೈ ಹಿಡಿದುಕೊಂಡು, ‘ಅವರಿಲ್ಲ ಯವ್ವಾ,’ ಎಂದರು. ‘ನಾ ಅದೇನಿ. ಒಳಗ ಬಾ.’

ನಮ್ಮತ್ತೆ ಅಲ್ಲೇ, ಹೊಸ್ತಿಲ ಮೇಲೆ, ಅತ್ತಿಗೆಯ ಹೆಗಲಿಗೆ ಒರಗಿ ಅತ್ತರು. ಅಂದು ಫೋನು ಇಟ್ಟಾಗ ಅಳಬೇಕಾಗಿದ್ದದ್ದನ್ನೆಲ್ಲ ಅತ್ತರು. ನಾನು ಸಮಾಧಾನ ಮಾಡಲು ಹೋದೆ. ಅತ್ತಿಗೆ ಕೈಯಿಂದಲೇ ನನ್ನನ್ನು ತಡೆದು, ನಮ್ಮತ್ತೆಯ ತಲೆ ಸವರುತ್ತ ಹೇಳಿದರು:

‘ಅಳ್ಲಿ ಬಿಡವಾ. ಈಕಿ ಬಂದ ಮ್ಯಾಲೆ ಕೂಡೇ ಅಳೂಣಂತ ನಾನೂ ತಡಕೊಂಡ ಕುಂತೇನಿ.’